ನೂರಕ್ಕೆ ನೂರು ಬಂದ ವರ್ಷ

ಚಂದಾಪುರದ ನಮ್ಮ ಪ್ರೌಢಶಾಲೆಯಲ್ಲಿ ಮಹಾಲಕ್ಷ್ಮಿ ಮೇಡಂ ಇಪ್ಪತ್ತೊಂದು ವರ್ಷದಿಂದ ಗಣಿತ ಹೇಳಿಕೊಡುತ್ತಿದ್ದಾರೆ. ನಾನು ಪಕ್ಕದ ಕೋಣೆಯಲ್ಲಿ ಕನ್ನಡ ಪಾಠ ಮಾಡುವವಳು. ಗೋಡೆಯಾಚೆಯಿಂದ ಅವರ ದನಿ ಕೇಳಿದರೆ ನನ್ನ ಮಕ್ಕಳೂ ಅತ್ತಲೇ ಕಿವಿ ಕೊಡುತ್ತಿದ್ದರು. ನನಗೆ ಹೊಟ್ಟೆಕಿಚ್ಚಾಗುತ್ತಿತ್ತು ಎಂದರೆ ಸುಳ್ಳಲ್ಲ. ಕೆಲಸವೆಂದರೆ ಅವರಿಗೆ ಅಷ್ಟು ಪ್ರೀತಿ.

ಆ ಪ್ರೀತಿಗೆ ಕಲ್ಲು ಹಾಕಿದ್ದು ಫಲಿತಾಂಶದ ಹುಚ್ಚು. ಮೂರು ತರಗತಿಯ ಐದು ಸೆಕ್ಷನ್‌ಗೆ ಗಣಿತದ ಟೀಚರು ಒಬ್ಬರೇ, ಎಸ್ಸೆಸ್ಸೆಲ್ಸಿಯಲ್ಲಿ ಮಾತ್ರ ನೂರಕ್ಕೆ ನೂರು ಬರಬೇಕು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು! ಅದಕ್ಕೆ ನಮ್ಮಲ್ಲೊಂದು ಉಪಾಯವಿತ್ತು. ಒಂಬತ್ತನೆಯ ತರಗತಿ ಮುಗಿಯುತ್ತಲೇ ಹಿಂದುಳಿದವರ ಮನೆಯವರನ್ನು ಕರೆಸಿ, ಟಿ.ಸಿ. ಕೊಟ್ಟು, ಪರೀಕ್ಷೆಯನ್ನು ಪ್ರೈವೇಟಾಗಿ ಕಟ್ಟಿಸಿ ಎನ್ನುವುದು. ಅವರು ಫೇಲಾದರೂ ನಮ್ಮ ಲೆಕ್ಕಕ್ಕೆ ಬರುವುದಿಲ್ಲ.

ಎರಡು ವರ್ಷದ ಹಿಂದೆ ಹೆಡ್‌ಮಾಸ್ಟರ್ ಭಾನುಪ್ರಕಾಶ್ ಕೊಟ್ಟ ಪಟ್ಟಿಯಲ್ಲಿ ಮಂಜುಶ್ರೀ ಎಂಬ ಹುಡುಗಿಯಿದ್ದಳು.

"ಇವಳು ಪಾಸಾಗ್ತಾಳೆ ಸರ್, ನನ್ ಕೈಗೆ ಬಿಡಿ" ಎಂದರು ಮೇಡಂ.

"ಆಗ್ಲಿಲ್ಲಾಂದ್ರೆ ನೋಟಿಸ್ ಬರೋದು ನಂಗೆ ಕಣ್ರೀ" ಎಂದರು ಹೆಡ್‌ಮಾಸ್ಟರು.

ಮೇಡಂ ಪಟ್ಟಿ ತೆಗೆದುಕೊಂಡು ಹೊರಟರು. ಹುಡುಗಿಯ ತಲೆಗೆ ಗಣಿತ ಹತ್ತುವುದಿಲ್ಲವೆಂದು ತಾಯಿ ಈಶ್ವರಮ್ಮನನ್ನು ತಾವೇ ನಂಬಿಸಿ ಸಹಿ ಹಾಕಿಸಿದರು. ಮುಂದಿನ ವರ್ಷ ನೂರಕ್ಕೆ ನೂರು ಬಂತು, ಮೇಡಂಗೆ ಶಾಲು ಹೊದಿಸಿದರು. ಚಪ್ಪಾಳೆ ತಟ್ಟಿದವರಲ್ಲಿ ನಾನೂ ಇದ್ದೆ, ನಾಚಿಕೆಗೇಡು. ಅಂದಿನಿಂದ ಗೋಡೆಯಾಚೆಯ ದನಿ ಸಣ್ಣದಾಯಿತು.

ಈ ಜೂನ್‌ನಲ್ಲಿ ಈಶ್ವರಮ್ಮ ಕಿರಿಮಗಳನ್ನು ಎಂಟನೆಯ ತರಗತಿಗೆ ಸೇರಿಸಲು ಬಂದರು. ಸ್ಟಾಫ್ ರೂಮಿನಲ್ಲಿ ನನ್ನ ಪಕ್ಕ ಕೂತಿದ್ದ ಮೇಡಂ ಅವರ ಮೇಜಿನ ಮೇಲೆ ಅರ್ಜಿಯನ್ನಿಟ್ಟರು.

"ಮಂಜುಶ್ರೀ ಪರೀಕ್ಷೆ ಕಟ್ಟಿದ್ಲಾ?" ಮೇಡಂ ಕೇಳಿದರು.

"ಇಲ್ಲ ಮೇಡಂ, ಗಾರ್ಮೆಂಟ್ಸ್‌ಗೆ ಓಯ್ತಾವ್ಳೆ. ಅವ್ಳ ತಲೆಗೆ ಅತ್ತಲ್ಲ ಅಂತ ನೀವು ಮೊದ್ಲೇ ಏಳಿದ್ದು ಒಳ್ಳೇದಾಯ್ತು. ಇವ್ಳನ್ನೂ ನಿಮ್ಗೇ ಒಪ್ಪಿಸ್ತೀನಿ."

ಮೇಡಂ ಕುರ್ಚಿಯಿಂದ ಎದ್ದರು. "ಅವಳು ಪಾಸಾಗ್ತಿದ್ಲು ಈಶ್ವರಮ್ಮ. ನಾನು ನಿಮ್ಗೆ ಸುಳ್ಳು ಹೇಳ್ದೆ. ಶಾಲೆ ಹೆಸರು ಕೆಡಬಾರ್ದು ಅಂತ ಕಳಿಸ್ಬಿಟ್ವಿ. ಈಗ್ಲೂ ಕರ್ಕೊಂಡ್ಬನ್ನಿ, ನಾನೇ ಹೇಳ್ಕೊಡ್ತೀನಿ."

ಈಶ್ವರಮ್ಮ ಬೈಯಲಿಲ್ಲ.

"ಅವ್ಳು ದಿನಾ ಪುಸ್ತಕ ಇಡ್ಕೊಂಡು ಅಳ್ತಾ ಕುಂತಿರೋಳು ಮೇಡಂ. ಮೇಡಮ್ಮೇ ಆಗಲ್ಲ ಅಂದವ್ರೆ, ಬಿಡು ಅಂತ ನಾನೇ ಕಿತ್ಕೊಂಡೆ" ಎಂದು, ಅರ್ಜಿಯನ್ನು ಮೇಜಿನಿಂದ ತೆಗೆದುಕೊಂಡು ಕಿರಿಮಗಳ ಕೈ ಹಿಡಿದು ಹೊರಟರು.