ಹಳ್ಳ ಮುಚ್ಚಿದರು

ಬೆಂಗಳೂರಿಗೆ ಹತ್ತಿರದ ವಿಜಯಪುರದ ಆಸುಪಾಸಿನ ನಮ್ಮ ಊರಿನಲ್ಲಿ ಹಳ್ಳವೆಂದರೆ ಮಳೆ ಬಂದಾಗ ನೀರು ಹರಿಯುವ ದಾರಿ. ಉಳಿದ ತಿಂಗಳುಗಳಲ್ಲಿ ಬರೀ ಮರಳು. ಬೆಂಗಳೂರಿನವರ ಬಾಯಲ್ಲಿ ಅದು ರಸ್ತೆಯ ಗುಂಡಿ. ಈ ಒಂದು ಮಾತಿನಿಂದ ಅತ್ತಿಗೆಯ ಹಿಪ್ಪುನೇರಳೆ ತೋಟ ಮುಳುಗಬಹುದೆಂದು ನಾನು ಅಂದುಕೊಂಡಿರಲಿಲ್ಲ.

ತೋಟದ ಕೆಳಗಿನ ಹೊಲಗಳು ಬಡಾವಣೆಯಾದವು. ಲಾರಿಗಟ್ಟಲೆ ಮಣ್ಣು ಬಂತು. ತೋಟದ ಅಂಚಿನಿಂದ ಕೆರೆಗೆ ಇಳಿಯುತ್ತಿದ್ದ ಹಳ್ಳ ಕಾಣದಾಯಿತು. ನಾನು ಊರಿಗೆ ಹೋದ ದಿನ ಅತ್ತಿಗೆ ನನ್ನನ್ನು ಎಳೆದುಕೊಂಡು ಬೆಂಗಳೂರಿನಿಂದ ಬಂದಿದ್ದ ಅಲ್ಲಿನ ಸೂಪರ್‌ವೈಸರ್ ಹತ್ತಿರ ಹೋದರು.

“ಯಾಕಪ್ಪಾ ಹಳ್ಳ ಮುಚ್ಚಿದ್ದು?”

“ಹಳ್ಳ ಇದ್ರೆ ಮುಚ್ಚದೆ ಇನ್ನೇನಮ್ಮಾ ಮಾಡೋದು? ಸೈಟ್ ನೋಡೋಕ್ ಬಂದೋರ ಕಾರು ಇಳ್ದ್‌ಬಿಟ್ರೆ?”

“ಗುಂಡಿ ಅಲ್ಲ ಕಣಪ್ಪಾ! ನೀರು ಹೋಗೋ ಹಳ್ಳ!”

“ನೀರೆಲ್ಲಿದೆ, ತೋರ್ಸಿ.” ಆತ ನನ್ನತ್ತ ತಿರುಗಿದ. “ಮೇಡಂ, ನೀವು ಓದ್ದೋರು. ನೀವ್ ನೋಡಿದ್ದೀರಾ?”

“ನೋಡಿದ್ದೀನಿ, ಮೊಣಕಾಲುದ್ದ” ಎಂದೆ.

“ಯಾವಾಗ?”

ನಾನು ಕಂಡದ್ದೋ, ಅಜ್ಜಿ ಹೇಳಿದ್ದನ್ನು ಕಂಡದ್ದೆಂದು ಇಟ್ಟುಕೊಂಡದ್ದೋ? ಎಂ.ಎ.ಯಲ್ಲಿ ಭೂಗೋಳ ಓದುವಾಗ ನದಿ ಕಡಲು ಸೇರುವ ಅಳಿವೆಗಳ ಬಗ್ಗೆ, ಅಲ್ಲಿಯ ಹೂಳು, ಉಪ್ಪುನೀರು, ಗದ್ದೆಗಳ ಬಗ್ಗೆ ಪುಟಗಟ್ಟಲೆ ಬರೆದಿದ್ದೆ. ನಮ್ಮ ಹಳ್ಳದ ನೀರು ಕೆರೆಗೆ, ಕೋಡಿ ಬಿದ್ದರೆ ಮುಂದಿನ ಕೆರೆಗೆ, ಹಾಗೇ ಪಿನಾಕಿನಿಗೆ ಸೇರಿ ಅಂಥದೇ ಒಂದು ಅಳಿವೆಗೆ ಹೋಗುತ್ತದೆಂದು ನಕ್ಷೆಯ ಮೇಲೆ ಬೆರಳಿಟ್ಟು ತೋರಿಸಬಲ್ಲೆ. ಕಣ್ಣಾರೆ ಕಂಡ ಒಂದು ದಿನವನ್ನು ತೋರಿಸಲಾರೆ. ನಾನು ತಡವರಿಸಿದ್ದು ನೋಡಿ ಆತ ನಕ್ಕ. ಆತನಿಗೆ ಯಾವ ಅನುಮಾನವೂ ಇರಲಿಲ್ಲ. ಈ ನೆಲದ ಮೇಲೆ ಒಂದು ಮಳೆಗಾಲವನ್ನೂ ಕಳೆಯದ ಮನುಷ್ಯ! ಈಗ ಬರೆಯುವಾಗಲೂ ಮೈ ಉರಿಯುತ್ತದೆ.

ಆ ವಾರವೇ ಮಳೆ ಹಿಡಿಯಿತು. ಮೇಲಿನಿಂದ ಬಂದ ನೀರು ಹಳ್ಳ ಮುಚ್ಚಿದ ಮಣ್ಣಿನ ದಿಬ್ಬಕ್ಕೆ ಬಡಿದು ತೋಟಕ್ಕೆ ತಿರುಗಿತು. ರೇಷ್ಮೆಹುಳು ಪೊರೆ ಬಿಡುವುದಕ್ಕೆ ನಮ್ಮಲ್ಲಿ ಜ್ವರ ಅನ್ನುತ್ತೇವೆ. ಅತ್ತಿಗೆಯ ಹುಳುಗಳು ನಾಲ್ಕನೇ ಜ್ವರ ಕಳೆದು ಎದ್ದಿದ್ದವು. ಗೂಡು ಕಟ್ಟುವ ಮುಂಚಿನ ಈ ದಿನಗಳಲ್ಲಿ ಅವುಗಳಿಗೆ ಎಷ್ಟು ಸೊಪ್ಪು ಹಾಕಿದರೂ ಸಾಲದು. ಕೆಸರು ಹತ್ತಿದ ಒದ್ದೆ ಸೊಪ್ಪು ಹಾಕಿದರೆ ರೋಗ, ಹಾಕದಿದ್ದರೆ ಹಸಿವು. ಹೇಗೆ ಮಾಡಿದರೂ ಬೆಳೆ ಹೋಗುತ್ತದೆ. ನೀರಿನ ಮೇಲಿದ್ದ ಎಲೆಗಳನ್ನಷ್ಟೇ ಕಿತ್ತು, ಹಳೇ ಸೀರೆಯಲ್ಲಿ ಒಂದೊಂದಾಗಿ ಒರೆಸಿದೆವು. ಸೊಂಟ ಬಿದ್ದುಹೋಯಿತು.

ಮರುದಿನ ಬೆಳಿಗ್ಗೆ ಜೆಸಿಬಿ ಬಂತು. ಹಳ್ಳ ಬಿಡಿಸಲು ಬಂತೆಂದು ಅತ್ತಿಗೆ ಸೊಪ್ಪಿನ ಬುಟ್ಟಿ ಇಳಿಸಿ ಓಡಿದರು. ಅದು ಬಂದದ್ದು ದಿಬ್ಬವನ್ನು ಇನ್ನೂ ಎತ್ತರಿಸಲು. ಸೈಟುಗಳ ಕಡೆ ನೀರು ಜಿನುಗುತ್ತಿತ್ತಂತೆ!

“ಹಾಕು ಗುರು, ಹಾಕು” ಎಂದು ಸೂಪರ್‌ವೈಸರ್ ಡ್ರೈವರ್‌ಗೆ ಕೈಬೀಸಿದ.

ಅತ್ತಿಗೆ ನೀರಿಗಿಳಿದು ನೇರ ಜೆಸಿಬಿಯ ಮಣ್ಣು ತುಂಬಿದ ಬಕೆಟ್‌ನ ಕೆಳಗೆ ಹೋಗಿ ನಿಂತರು. “ನನ್ ಮೇಲೇ ಹಾಕೋ ಲೇ. ನಂದೂ ಒಂದು ಸೈಟ್ ಮಾಡ್ಬಿಡು.”

ನಾನೂ ಇಳಿದು ಪಕ್ಕದಲ್ಲಿ ನಿಂತೆ. “ಮೊದ್ಲು ಮಣ್ಣು ತೆಗ್ಸು, ಆಮೇಲೆ ಮಾತಾಡು!” ಎಂದು ಕಿರುಚಿದ್ದು ನಾನೇ ಇರಬೇಕು, ಆ ದನಿ ನನಗೆ ಗುರುತು ಸಿಗಲಿಲ್ಲ.

ಡ್ರೈವರ್ ಇಂಜಿನ್ ಆರಿಸಿ ಬೀಡಿ ಹಚ್ಚಿದ. ಸೂಪರ್‌ವೈಸರ್ ಯಾರಿಗೋ ಫೋನ್ ಮಾಡತೊಡಗಿದ. ನಾವು ಕದಲಲಿಲ್ಲ. ಹುಳುಮನೆಯಲ್ಲಿ ಬೆಳಗಿನ ಸೊಪ್ಪು ಇನ್ನೂ ಹಾಕಿರಲಿಲ್ಲ.