ಶಾಲೆಯ ಕೋಚ್ ವರ್ಲಿನ್
ಅಮೆರಿಕದ ಇಂಡಿಯಾನಾ ರಾಜ್ಯದ ಒಂದು ಪುಟ್ಟ ಊರಿನ ಹೈಸ್ಕೂಲಿಗೆ ಮೂವತ್ತೊಂದು ವರ್ಷಗಳಿಂದ ವರ್ಲಿನ್ನರೇ ಬ್ಯಾಸ್ಕೆಟ್‌ಬಾಲ್ ಕೋಚ್. ಸೀಟಿ ಊದದೆ ಅವರಿಗೆ ಕೆಮ್ಮಲೂ ಬಾರದೆಂದು ಹುಡುಗರು ನಗುತ್ತಾರೆ. "ಮೊದ್ಲು ಕಾಲು ಸರಿಯಾಗಿಡ್ರೋ, ಆಮೇಲೆ ಬಾಲ್ ಎಸೀರಿ!" ಎಂಬುದು ಅವರ ನಿತ್ಯದ ಕೂಗು. ಹಿಂದೆ ತಮ್ಮ ತಂಡಕ್ಕೆ ಆಟಗಾರರನ್ನು ಹುಡುಕಿಕೊಂಡು ಕಾಲೇಜಿನವರು ಅವರ ಮನೆಗೇ ಬಂದು ಕಾಫಿ ಕುಡಿಯುತ್ತಿದ್ದರು. ಈಗ ಅವರೆಲ್ಲ ಬೇಸಿಗೆಯಲ್ಲಿ ಊರೂರು ಸುತ್ತಿ ಆಡುವ ದೊಡ್ಡ ಕ್ಲಬ್ಬುಗಳ ಪಂದ್ಯಗಳಿಗೆ ಹೋಗುತ್ತಾರೆ. ವರ್ಲಿನ್ ಖಾಲಿ ಅಂಕಣವನ್ನು ಒಬ್ಬರೇ ಒರೆಸುತ್ತಾರೆ. ಈ ವಸಂತದಲ್ಲಿ, ಅಂಥದೊಂದು ಕ್ಲಬ್ಬಿಗೂ ಆಡುವ ಅವರ ಶಿಷ್ಯ ಟ್ರೆವಿಯನ್‌ಗಾಗಿ ಒಂದು ಕಾಲೇಜಿನಿಂದ ಫೋನ್ ಬಂತು. "ಹೈಸ್ಕೂಲಿಗೆ ಬರೋ ಮುಂಚೆ, ಆರನೇ ಕ್ಲಾಸಿಂದ್ಲೂ ನಾನೇ ಕಲಿಸಿದ್ದು ಸಾರ್, ಆ ಹುಡುಗ..." ಎಂದು ವರ್ಲಿನ್ ಹುರುಪಿನಿಂದ ಶುರುಮಾಡಿದರು. "ಅದಿರ್ಲಿ ಬಿಡಿ, ಅವನ ಕ್ಲಬ್ ಕೋಚ್ ನಂಬರ್ ಇದ್ಯಾ?" ಎಂದಿತು ಆಚೆಯ ದನಿ. ತಪ್ಪಾಗದಿರಲೆಂದು ವರ್ಲಿನ್ ನಂಬರನ್ನು ನಿಧಾನವಾಗಿ ಎರಡು ಸಲ ಹೇಳಿದರು. ಫೋನ್ ಕಟ್ಟಾದ ಮೇಲೂ, "ತುಂಬಾ ಒಳ್ಳೇ ಹುಡುಗ, ಸಾರ್" ಎಂದರು.