ಚಲುವಯ್ಯನ ಕೇಬಲ್ಲು, ಮಾಯಮ್ಮನ ಸಟ್ಟುಗ

1963. ಹೊಳೆನರಸೀಪುರದಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಹೇಮಾವತಿ ದಂಡೆಯ ಪಂಪ್‌ಹೌಸಿನ ಪಕ್ಕದ ಗುಂಡಿಗೆ ಟಾರ್ಪಾಲು ಕಟ್ಟಿದೆ, ಇಬ್ಬನಿ ಒಳಗೆ ಬೀಳದಂತೆ. ಗುಂಡಿಯಲ್ಲಿ ಕುಕ್ಕರಗಾಲಲ್ಲಿ ಕೂತ ಚಲುವಯ್ಯ ಪಂಪಿಗೆ ಕರೆಂಟು ತರುವ ಕೇಬಲ್ಲಿನ ಮೈ ಬಿಡಿಸುತ್ತಿದ್ದಾರೆ. ಮೊದಲು ಡಾಂಬರು ಮೆತ್ತಿದ ಸೆಣಬು, ಕೆಳಗೆ ಉಕ್ಕಿನ ಪಟ್ಟಿ, ಆಮೇಲೆ ಸೀಸದ ಕೊಳವೆ, ಅದರೊಳಗೆ ಎಣ್ಣೆ ಕುಡಿದ ಕಾಗದದ ಸುತ್ತು, ಎಲ್ಲದರ ನಡುವೆ ತಾಮ್ರ. ಮೊನ್ನೆ ಚರಂಡಿ ಅಗೆಯುವವರ ಪಿಕಾಸಿ ಸೀಸವನ್ನು ಸೀಳಿದೆ. ಅಂದಿನಿಂದ ಊರಿನ ನಲ್ಲಿಗಳಲ್ಲಿ ನೀರಿಲ್ಲ.

ಅವರು ಕಾಗದದ ಚೂರೊಂದನ್ನು ಬಿಸಿ ಮೇಣಕ್ಕೆ ಹಾಕಿ ಕಿವಿಗೊಡುತ್ತಾರೆ. ಚಿಟಪಟ ಸದ್ದು.

“ನೀರ್ ಕುಡ್ದದೆ ಕಣ ಸಾ.”

ಮೇಲೆ ನಿಂತ ಸೂಪರ್‌ವೈಸರ್ ರಂಗಸ್ವಾಮಿಗೆ ಅವಸರ. “ಜನ ಕೊಡ ಇಟ್ಕಂಡು ಕಾಯ್ತಾವ್ರೆ. ಇವತ್ತಿಗೆ ಹೆಂಗೋ ಸೇರಿಸ್ಬುಡು.”

“ಇಂಗೇ ಮುಚ್ಬುಟ್ರೆ ಮಳೆಗಾಲ್ದಲ್ಲಿ ಸುಟ್ಟೋಯ್ತದೆ. ಇನ್ನೊಂದ್ ಮೊಳ ಕುಯ್ತೀನಿ.”

ಕೊಯ್ದ ಮೇಲೆ ಹೊಸ ಚೂರು ಮೇಣದಲ್ಲಿ ಸದ್ದು ಮಾಡದೆ ಮುಳುಗುತ್ತದೆ. ಬದಲಿ ತುಂಡನ್ನು ಗುಂಡಿಗೆ ಇಳಿಸುತ್ತಾರೆ.

ಹರದನಹಳ್ಳಿ ಕಡೆಯ ಚಲುವಯ್ಯನವರ ತಂದೆ ಬೈರಯ್ಯ ಬೇರೆಯವರ ಗದ್ದೆಯಲ್ಲಿ ದುಡಿದವರು. ಮಗ ಕೇಬಲ್ಲಿನ ಕಾಲುವೆ ತೋಡಲು ಕೂಲಿಗೆ ಬಂದು, ಹಾಸನದ ಹಳೆಯ ಜಾಯಿಂಟರ್ ಪುಟ್ಟಸ್ವಾಮಿಯವರ ಕೈಕೆಳಗೆ ಕೆಲಸ ಕಲಿತರು. ಕೇಬಲ್ಲಿನ ಎರಡು ತುದಿ ಸೇರಿಸಿ, ಮೇಲೆ ಸೀಸದ ತೋಳು ತೊಡಿಸಿ, ಅದರ ಅಂಚಿಗೆ ಕರಗಿದ ಲೋಹ ಸಟ್ಟುಗದಿಂದ ಹುಯ್ದು, ಕೊಬ್ಬು ಸವರಿದ ಬಟ್ಟೆಯಿಂದ ಒರೆಸಿ ಒಂದೇ ಮೈ ಮಾಡಬೇಕು. ಒಂದು ಕೈ ಹುಯ್ಯುತ್ತಿದ್ದರೆ ಇನ್ನೊಂದು ಕೈ ಒರೆಸುತ್ತಿರಬೇಕು.

1959ರಲ್ಲಿ ಅರಕಲಗೂಡಿನಲ್ಲಿ ಕೆಲಸ ನಡೆಯುವಾಗ ತಟ್ಟನೆ ಮಳೆ ಬಂತು. ಹನಿ ಬಿದ್ದದ್ದೇ ಕಾದ ಲೋಹ ಸಿಡಿದು ಚಲುವಯ್ಯನವರ ಎಡಗೈ ಬೆಂದಿತು. ಗಾಯ ಮಾಯಿತು, ಬೆರಳುಗಳು ಮಾತ್ರ ಮಡಚಿಕೊಂಡೇ ಉಳಿದವು. ಚನ್ನರಾಯಪಟ್ಟಣದ ಉಗ್ರಾಣಕ್ಕೆ ಕಾವಲುಗಾರನಾಗಿ ಹೋಗು ಎಂದರು ರಂಗಸ್ವಾಮಿ. ಚಲುವಯ್ಯ ಎರಡು ಹೊತ್ತು ಊಟ ಬಿಟ್ಟರು.

ಹೆಂಡತಿ ಮಾಯಮ್ಮ ಅದೇ ಕಾಲುವೆಗಳಲ್ಲಿ ಮಣ್ಣು ಹೊರುತ್ತಿದ್ದವರು. ಅವರೇ ರಂಗಸ್ವಾಮಿ ಎದುರು ನಿಂತು, “ಅವ್ರು ಒರೆಸ್ಲಿ, ನಾನ್ ಉಯ್ತೀನಿ” ಎಂದರು.

“ಹೆಂಗಸಿನ ಕೈಲಿ ಆಗೋ ಕೆಲ್ಸ ಅಲ್ಲ ಕಣಮ್ಮ.”

“ಒಲೆ ಮುಂದೆ ಕುಂತ್ಕಂಡೇ ಬೆಳ್ದಿವ್ನಿ ಸಾ. ಒಂದ್ಸಲ ನೋಡಿ.”

ಹಳೆಯ ತುಂಡುಗಳ ಮೇಲೆ ಅಭ್ಯಾಸ ಶುರುವಾಯಿತು. ಮೊದಮೊದಲು ಲೋಹ ಗಂಟುಗಂಟಾಗಿ ಬಿತ್ತು. ಬೆಂದ ಬೆರಳು ಕಣ್ಣಿಗೆ ಬಿದ್ದಾಗಲೆಲ್ಲ ಮಾಯಮ್ಮ ಹುಯ್ದ ಧಾರೆ ಪಕ್ಕಕ್ಕೆ ಸರಿಯುತ್ತಿತ್ತು.

“ನನ್ ಕೈ ನೋಡ್ಬ್ಯಾಡ, ಸಟ್ಟುಗ ನೋಡು ಅಂತಿದ್ದೆ,” ಎಂದು ಕೆಲಸ ನೋಡಲು ಬಂದ ನನಗೆ ಹೇಳುತ್ತಾರೆ ಚಲುವಯ್ಯ. “ಒಂದಿನ ಎಣ್ಣೆ ಬಿಟ್ಟಂಗೆ ಬಿಟ್ಬುಟ್ಲು. ಆಮ್ಯಾಕೆ ನಾನೇನೂ ಯೋಳ್ಲಿಲ್ಲ.”

ನಾಲ್ಕು ವರ್ಷದಿಂದ ಇಬ್ಬರದೂ ಒಂದೇ ಗುಂಡಿ. ಹೊಸ ಕೇಬಲ್ಲುಗಳಲ್ಲಿ ತಾಮ್ರದ ಬದಲು ಅಲ್ಯೂಮಿನಿಯಂ ಬರುತ್ತಿದೆ. ಅದರ ಹದ ಬೇರೆ, ಅದನ್ನೂ ಇಬ್ಬರೂ ಕಲಿಯುತ್ತಿದ್ದಾರೆ.

ಬಿಸಿಲೇರುವ ಹೊತ್ತಿಗೆ ಮಾಯಮ್ಮ ಸೆರಗು ಬಿಗಿದು ಗುಂಡಿಗೆ ಇಳಿಯುತ್ತಾರೆ. ಬೆಳ್ಳಿಯಂಥ ಲೋಹ ಸಣ್ಣ ಧಾರೆಯಾಗಿ ಬೀಳುತ್ತದೆ, ಚಲುವಯ್ಯನವರ ಬಲಗೈ ಬಟ್ಟೆ ಹಿಡಿದು ಸುತ್ತುತ್ತದೆ. ಜಾಯಿಂಟುಗಳು ಮುಗಿದು, ಪರೀಕ್ಷೆಯಾಗಿ ಪಂಪು ಗುಡುಗುಟ್ಟುವಾಗ ಮಧ್ಯಾಹ್ನ. ರಂಗಸ್ವಾಮಿ ತಾವೇ ಇಬ್ಬರಿಗೂ ಕಾಫಿ ತರಿಸುತ್ತಾರೆ.

ನಿಮಗೇನು ಆಸೆ ಎಂದು ಮಾಯಮ್ಮನನ್ನು ಕೇಳುತ್ತೇನೆ. ಅವರು ಮೊದಲು ಗಂಡನ ಮುಖ ನೋಡುತ್ತಾರೆ, ಆಮೇಲೆ ನೆಲ.

“ಆಜರಿ ಕೂಗೋವಾಗ ಇನ್ನೂ ಮಣ್ಣೊರೋ ಮಾಯಮ್ಮ ಅಂತಲೇ ಕೂಗ್ತಾರೆ ಸಾ. ಜಾಯಿಂಟ್ ಮಾಯಮ್ಮ ಅಂತ ಕೂಗುದ್ರೆ ಸಾಕು.”